ದುಃಖದಲ್ಲಿ ಸುಖದ ಅರಿವು

ನರಸಿಂಹರಾಜಪುರ ತಾಲ್ಲೂಕಿನ ಕಡಹಿನಬೈಲಿನಂತಹ ಮಲೆನಾಡಿನ ಊರುಗಳಲ್ಲಿ ಮುಂಗಾರು ಹಿಡಿದರೆ ದಿನಗಟ್ಟಲೆ ಸೂರ್ಯದರ್ಶನವಿರುವುದಿಲ್ಲ. ಅಡಿಕೆಗೆ ಕೊಳೆರೋಗ ಬಂದೀತೆಂಬ ಚಿಂತೆ, ಒಣಗದ ಬಟ್ಟೆ, ಹಸಿ ಸೌದೆಯ ಹೊಗೆ. ಇದರ ನಡುವೆ ಒಂದು ಗಳಿಗೆ ಹೊಳವಾದರೆ ಅಂಗಳದ ಬಿಸಿಲು ಅಮೃತದಂತೆ ತೋರುತ್ತದೆ. ಬೇಸಿಗೆಯಲ್ಲಿ ಅದೇ ಬಿಸಿಲಿಗೆ ನಾವು ಬೆನ್ನು ತಿರುಗಿಸಿದ್ದೆವು. ಬಿಸಿಲು ಅದೇ, ಅದಕ್ಕೂ ಮೊದಲು ನಾವು ಪಟ್ಟ ಅನುಭವ ಮಾತ್ರ ಬೇರೆ.

ಆಯುರ್ವೇದವು ನಿಂತಿರುವುದು ಈ ದ್ವಂದ್ವಗಳ ಮೇಲೆಯೇ. ಗುರು–ಲಘು, ಶೀತ–ಉಷ್ಣ, ಸ್ನಿಗ್ಧ–ರೂಕ್ಷ ಹೀಗೆ 20 ಗುಣಗಳನ್ನು 10 ಜೋಡಿಗಳಾಗಿ ನಮ್ಮ ಆಚಾರ್ಯರು ಹೇಳಿದ್ದಾರೆ. ಸಮಾನ ಗುಣದಿಂದ ವೃದ್ಧಿ, ವಿರುದ್ಧ ಗುಣದಿಂದ ಕ್ಷಯ ಎಂಬುದು ಚಿಕಿತ್ಸೆಯ ಮೂಲಸೂತ್ರ. ಮಳೆಗಾಲದಲ್ಲಿ ಶೀತ, ರೂಕ್ಷ ಗುಣಗಳ ವಾತವು ಕೆರಳಿ ಕೀಲುಗಳು ನೋಯುವಾಗ ಬೆಚ್ಚಗಿನ ಎಳ್ಳೆಣ್ಣೆಯ ಅಭ್ಯಂಗ ಹಿತವೆನಿಸುವುದು ಇದರಿಂದಲೇ. ಹಸಿವಿದ್ದಾಗಲೇ ಅನ್ನಕ್ಕೆ ರುಚಿ. ದುಡಿದು ದಣಿದ ದೇಹಕ್ಕೇ ಗಾಢನಿದ್ರೆ. ಕಾಯಕದ ಶ್ರಮವಿಲ್ಲದೆ ವಿಶ್ರಾಂತಿಯ ಸುಖವೂ ಇಲ್ಲ.

ಚರಕ ಸಂಹಿತೆಯಂತೆ ಆರೋಗ್ಯವೇ ಸುಖ, ವಿಕಾರವೇ ದುಃಖ. ಅದರ ಸೂತ್ರಸ್ಥಾನದ 25ನೆಯ ಅಧ್ಯಾಯದಲ್ಲಿ ಶರೀರವನ್ನು ತಣಿಸುವವುಗಳಲ್ಲಿ ಹರ್ಷವನ್ನೂ, ಒಣಗಿಸುವವುಗಳಲ್ಲಿ ಶೋಕವನ್ನೂ ಶ್ರೇಷ್ಠವೆಂದು ಎಣಿಸಲಾಗಿದೆ. ರೋಗವನ್ನು ಬೆಳೆಸುವುದರಲ್ಲಿ ವಿಷಾದವೇ ಮುಂದು ಎಂದೂ ಅಲ್ಲಿದೆ. ಕಷ್ಟವು ಸುಖದ ಬೆಲೆಯನ್ನು ತಿಳಿಸುತ್ತದೆ, ನಿಜ. ಆದರೆ ಕಷ್ಟವೇ ಔಷಧವಲ್ಲ.

ಈ ಭೇದವನ್ನು ನಾನು ತಡವಾಗಿ ಕಲಿತೆ. ಹಲವು ವರ್ಷಗಳ ಹಿಂದೆ ಬೆಳೆ ಕಳೆದುಕೊಂಡ ತೋಟಗಾರರೊಬ್ಬರು ಅಜೀರ್ಣವೆಂದು ಬಂದಿದ್ದರು. ಚೂರ್ಣ ಕೊಟ್ಟು, “ಕಷ್ಟದ ಹಿಂದೆ ಸುಖ ಇದ್ದೇ ಇದೆ, ಧೈರ್ಯವಾಗಿರಿ” ಎಂದು ಕಳುಹಿಸಿದೆ. ತಿಂಗಳ ನಂತರ ಇನ್ನಷ್ಟು ಸೊರಗಿ ಬಂದರು. “ಡಾಕ್ಟ್ರೇ, ಹೊಳವಾದರೂ ನನಗೆ ಬೆಳಕು ಕಾಣುವುದಿಲ್ಲ” ಎಂದರು. ಆಗ ನನಗೆ ಅರ್ಥವಾಯಿತು: ಅವರಲ್ಲಿ ದ್ವಂದ್ವದ ಅರಿವೇ ಕುಂದಿತ್ತು. ಮನೋವೈದ್ಯರ ಬಳಿಗೆ ಕಳುಹಿಸಿದೆ. ಕ್ರಮೇಣ ಚೇತರಿಸಿಕೊಂಡು, ಮತ್ತೊಂದು ಮಳೆಗಾಲದಲ್ಲಿ “ಈಗ ಊಟ ರುಚಿಸುತ್ತಿದೆ” ಎಂದು ಹೇಳಿಹೋದರು.

ಆದ್ದರಿಂದ ಸದ್ಭಕ್ತರು ಈ ಪರೀಕ್ಷೆಯನ್ನು ನೆನಪಿಡಬೇಕು. ಸಾಮಾನ್ಯ ದುಃಖದಲ್ಲಿ ಮೊಮ್ಮಗುವಿನ ನಗು, ಬಿಸಿ ಊಟ, ನೆರೆಯವರ ಮಾತು ಒಂದು ಕ್ಷಣವಾದರೂ ಹಗುರ ಮಾಡುತ್ತವೆ. ಎರಡು ವಾರ ಕಳೆದರೂ ಯಾವುದೂ ಹಿತವೆನಿಸದೆ, ಅನ್ನ ರುಚಿಸದೆ, ನಿದ್ರೆ ಬಾರದೆ ಅಥವಾ ಮಲಗಿದರೂ ದಣಿವಾರದೆ ಇದ್ದರೆ ಅದು ಬರಿಯ ದುಃಖವಲ್ಲ, ಖಿನ್ನತೆಯೆಂಬ ರೋಗವಿರಬಹುದು. ಅದು ಭಕ್ತಿಯ ಕೊರತೆಯಲ್ಲ, ಪೂರ್ವಕರ್ಮದ ಶಿಕ್ಷೆಯೂ ಅಲ್ಲ. ಜ್ವರಕ್ಕೆ ಹೇಗೋ ಹಾಗೆಯೇ ಅದಕ್ಕೂ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. “ಬದುಕು ಸಾಕು” ಎಂಬ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ತೋಟದ ಔಷಧಿಗಳನ್ನು ಬೀಗದೊಳಗಿಟ್ಟು ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಉಳಿದವರಿಗೂ ಮಳೆಗಾಲದ ಹಿತಚರ್ಯೆ ಇರಲಿ: ಹಳೆಯ ಅಕ್ಕಿಯ ಬಿಸಿ ಅನ್ನ, ಹೆಸರುಬೇಳೆಯ ಸಾರು, ಶುಂಠಿ ಹಾಕಿ ಕಾಯಿಸಿದ ನೀರು, ಹೊತ್ತಿಗೆ ಸರಿಯಾಗಿ ನಿದ್ರೆ, ನಿತ್ಯವೂ ಲಿಂಗಪೂಜೆ ಮತ್ತು ಕೈಲಾದ ಕಾಯಕ.

ಸುಖ ದುಃಖಗಳೆರಡನ್ನೂ ಸಮಭಾವದಿಂದ ಕಾಣುವುದನ್ನು ಶರಣರು ಬಾಳಿ ತೋರಿಸಿದರು. ಆ ಸಮಭಾವವನ್ನು ನಾವು ನಮ್ಮ ಕಷ್ಟಕ್ಕೆ ಅನ್ವಯಿಸಿಕೊಳ್ಳೋಣ, ಪರರ ಕಷ್ಟ ಕಂಡಾಗ ಉಪದೇಶಕ್ಕಿಂತ ಮೊದಲು ಅವರ ಬಳಿ ಕುಳಿತು, “ಊಟ ಸೇರುತ್ತಿದೆಯೇ? ನಿದ್ರೆ ಬರುತ್ತಿದೆಯೇ?” ಎಂದು ಕೇಳೋಣ.