ಕಂಪನಿ ಎರಡೂ ಕಡೆಯವರದು, ವಿಳಾಸ ಒಂದೇ ಕಡೆಯದು

ಸೋಯಾಬೀನ್ ರಾಶಿ ಮುಗಿದು ತೊಗರಿ ಹೂ ಬಿಟ್ಟಿತ್ತು. ಔರಾದ ಶಹಾಜಾನಿಯಲ್ಲಿ ನಮ್ಮ ಬೀಜ-ಗೊಬ್ಬರದ ಅಂಗಡಿ ಮುಂದೆ ಹತ್ತು ಜನ ಕೂತಿದ್ದೆವು. ಉಮರ್ಗಾ ಕಡೆಯವರು ಮೂವರು, ಉದಗೀರ ಕಡೆಯವರು ಇಬ್ಬರು, ನಿಲಂಗಾ ತಾಲೂಕಿನ ನಾವು ನಾಲ್ವರು, ಇನ್ನೊಬ್ಬರು ಭಾಲ್ಕಿಯಿಂದ ಬಂದ ನಮ್ಮ ಬೀಗರು. ಹತ್ತು ರೈತರು ಸೇರಿದರೆ ಉತ್ಪಾದಕರ ಕಂಪನಿ ಮಾಡಬಹುದು ಎಂಬ ಕಾಯ್ದೆ 2003ರಿಂದಲೂ ಇದೆ. ಮರಾಠಿಯಲ್ಲಿ ಇದಕ್ಕೇ ಶೇತಕರಿ ಉತ್ಪಾದಕ ಕಂಪನಿ ಅನ್ನುತ್ತಾರೆ. ತೊಗರಿ, ಕಡಲೆ, ಸೋಯಾಬೀನ್ ಒಟ್ಟಿಗೆ ಕೂಡಿಸಿ ಮಾರುವುದು, ಅಡತಿಯ ಮುಂದೆ ಒಬ್ಬೊಬ್ಬರೇ ಕೈಕಟ್ಟಿ ನಿಲ್ಲುವುದು ತಪ್ಪಿಸುವುದು ನಮ್ಮ ಉದ್ದೇಶ.

ಹೆಸರು ಅರ್ಧ ತಾಸಿನಲ್ಲಿ ಗೊತ್ತಾಯಿತು. ಶೇರಿನ ಹಣವೂ ಗೊತ್ತಾಯಿತು. ವಿಳಾಸದ ಮಾತು ಬಂದಾಗ ಮಾತ್ರ ಮೂರು ಸಲ ಚಹಾ ತರಿಸಬೇಕಾಯಿತು.

'ಅಣ್ಣಾ, ಅಡ್ರೆಸ್ಸಂದ್ರ ಏನ್ ದೊಡ್ ಮಾತ್ರಿ? ಉದಗೀರದಾಗ ನಮ್ ಸಿ.ಎ. ಸಾಹೇಬ್ರ ಆಫೀಸ್ ಅದ. ಅದೇ ಬರ್ದ್ ಬಿಡ್ರಿ' ಎಂದರು ಉದಗೀರದವರು. ಅವರ ಮಾತಿನಲ್ಲೂ ಹುರುಳಿತ್ತು. ದಾಲ್ ಮಿಲ್ಲುಗಳಿರುವುದು ಅಲ್ಲಿ, ಮೋಂಢಾ ಇರುವುದು ಅಲ್ಲಿ, ಬೀದರದಿಂದ ಭಾಲ್ಕಿ, ಕಮಲನಗರ ದಾಟಿ ಬರುವ ರೈಲೂ ಅಲ್ಲಿಗೇ ಮುಟ್ಟುತ್ತದೆ. ಉಮರ್ಗಾದವರು ಸೋಲಾಪುರ-ಹೈದರಾಬಾದ ಹೆದ್ದಾರಿ ತೋರಿಸಿದರು. 'ಲಾರಿ ನಿಲ್ಲೂದು ನಮ್ಮಲ್ಲಿ. ಆಫೀಸ್ ಬ್ಯಾರೆ ಕಡಿ ಯಾಕ್ರಿ?' ಎಂದರು.

ಬೀಗರು ಕೊನೆಗೆ ಬಾಯಿ ಬಿಟ್ಟರು. 'ನಮ್ ಭಾಲ್ಕಿಗೇ ಹಾಕ್ರಿ. ಬೋರ್ಡ್ ಕನ್ನಡದಾಗ ಇರ್ತದ. ನಮ್ ಮಕ್ಳು ಓದ್ತಾವ.'

ಆ ಮಾತಿಗೆ ಸ್ವಲ್ಪ ಹೊತ್ತು ಯಾರೂ ಉಸಿರೆತ್ತಲಿಲ್ಲ. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮನೆಯಲ್ಲಿ ಕನ್ನಡ ಆಡುವವರು, ಸಹಿ ಮಾತ್ರ ಮರಾಠಿಯಲ್ಲಿ ಮಾಡುವವರು. ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು 1956ರ ನವೆಂಬರ್ 1ರ ತನಕ ಬೀದರ ಜಿಲ್ಲೆಯಲ್ಲಿದ್ದವು. ಆಮೇಲೆ ಉಸ್ಮಾನಾಬಾದ ಜಿಲ್ಲೆಗೆ ಹೋದವು. 1982ರಲ್ಲಿ ಲಾತೂರ ಬೇರೆ ಜಿಲ್ಲೆಯಾಯಿತು. ನಮ್ಮ ಅಜ್ಜ ಮನೆ ಹೊಸ್ತಿಲು ಬದಲಿಸದೆ ಹೈದರಾಬಾದ, ಮುಂಬಯಿ, ಮಹಾರಾಷ್ಟ್ರ ಎಂಬ ಮೂರು ರಾಜ್ಯಗಳನ್ನೂ ಮೂರು ಜಿಲ್ಲೆಗಳನ್ನೂ ಕಂಡವರು. ವಿಳಾಸ ಎಂಬುದು ಇಲ್ಲಿ ಬರೀ ಕಾಗದದ ಮಾತಲ್ಲ.

ಆದರೂ ನಾನು ಉದಗೀರಕ್ಕೂ ಭಾಲ್ಕಿಗೂ ಒಪ್ಪಲಿಲ್ಲ. ಕಾರಣ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಇಬ್ಬರು ಗೆಳೆಯರ ಜೊತೆ ನಾನೊಂದು ಸಣ್ಣ ಕಂಪನಿ ಮಾಡಿದ್ದೆ. ನೋಂದಾಯಿತ ಕಚೇರಿ ಎಂದು ನಮ್ಮ ಲೆಕ್ಕ ಬರೆಯುವವರ ಭಾಡಿಗೆ ಕೋಣೆಯ ವಿಳಾಸ ಕೊಟ್ಟೆವು. ಒಂದು ದಿನ ಅವರು ಕೋಣೆ ಖಾಲಿ ಮಾಡಿ ಬೇರೆ ಗಲ್ಲಿಗೆ ಹೋದರು. ನಮಗೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಸರಕಾರದ ಪತ್ರಗಳು ಬೀಗ ಹಾಕಿದ ಬಾಗಿಲಿಗೆ ಬಂದು ಹೋದವು. ಕಾಯ್ದೆ ಪ್ರಕಾರ ನೋಂದಾಯಿತ ಕಚೇರಿಗೆ ರಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ ಕಾಗದ ಕಂಪನಿಗೆ ಕಳಿಸಿದ ಹಾಗೆಯೇ ಲೆಕ್ಕ. 'ನಮಗ ಸಿಕ್ಕಿಲ್ರಿ' ಎಂದರೆ ಯಾರೂ ಕೇಳುವುದಿಲ್ಲ. ಈ ಕಲಮು ತಪ್ಪಿದರೆ ದಂಡ ದಿನಕ್ಕೆ 1,000 ರೂಪಾಯಿ, 1 ಲಕ್ಷದವರೆಗೆ. ಕಂಪನಿಗೆ ಬೇರೆ, ತಪ್ಪಿತಸ್ಥ ಅಧಿಕಾರಿಗಳಿಗೆ ಬೇರೆ. ನಾವು ಎಷ್ಟು ಕಟ್ಟಿದೆವು ಎನ್ನುವುದು ಬೇಡ ಬಿಡಿ. ಆ ದುಡ್ಡಿಗೆ ಒಂದು ಜೋಡಿ ಎತ್ತು ಬರುತ್ತಿದ್ದವು.

ಈಗ ಕಾಯ್ದೆ ಇನ್ನೂ ಬಿಗಿಯಾಗಿದೆ. ಕಂಪನಿ ನಿಜವಾಗಿ ಆ ಜಾಗದಲ್ಲಿದೆಯೋ ಇಲ್ಲವೋ ಎಂದು ರಜಿಸ್ಟ್ರಾರರು ಖುದ್ದು ಬಂದು ನೋಡಬಹುದು. 2022ರ ಆಗಸ್ಟ್‌ನಲ್ಲಿ ಬಂದ ನಿಯಮದಂತೆ ಅದೇ ಊರಿನ ಇಬ್ಬರು ಸಾಕ್ಷಿಗಳ ಎದುರಿಗೆ ತಪಾಸಣೆ ಆಗುತ್ತದೆ, ಜಾಗದ ಫೋಟೋ ತೆಗೆಯುತ್ತಾರೆ. ವಿಳಾಸದಲ್ಲಿ ಕಂಪನಿ ಇಲ್ಲವೆಂದಾದರೆ ಹೆಸರೇ ತೆಗೆದುಹಾಕುವ ಕ್ರಮಕ್ಕೆ ದಾರಿಯಾಗುತ್ತದೆ. ಸಿ.ಎ. ಸಾಹೇಬರ ಆಫೀಸಿನಲ್ಲಿ ಇಪ್ಪತ್ತು ಕಂಪನಿಗಳ ವಿಳಾಸ ಇದ್ದರೆ ಅಲ್ಲಿ ನಮ್ಮ ಸಾಕ್ಷಿಗೆ ನಿಲ್ಲುವವರು ಯಾರು?

ಇನ್ನೊಂದು ಮಾತು ರೈತರಿಗೆ ಹತ್ತಿರದ್ದು. ಉತ್ಪಾದಕರ ಕಂಪನಿಯ ವಾರ್ಷಿಕ ಸಭೆ ನೋಂದಾಯಿತ ಕಚೇರಿಯಲ್ಲಿ ಆಗಬೇಕು, ಇಲ್ಲವೇ ಕಚೇರಿ ಇರುವ ಅದೇ ಊರಿನ ಬೇರೆ ಜಾಗದಲ್ಲಿ. 14 ದಿನ ಮೊದಲು ಲಿಖಿತ ನೋಟಿಸು ಕೊಡಬೇಕು. ಸದಸ್ಯರಲ್ಲಿ ನಾಲ್ಕನೇ ಒಂದು ಪಾಲು ಹಾಜರಿದ್ದರೆ ಮಾತ್ರ ಕೋರಂ. 2020ರಲ್ಲಿ ಕೇಂದ್ರ ಸರಕಾರ ತಂದ 10,000 ರೈತ ಉತ್ಪಾದಕ ಸಂಸ್ಥೆಗಳ ಯೋಜನೆಯಲ್ಲಿ ಬಯಲುಸೀಮೆಗೆ ಕನಿಷ್ಠ 300 ಸದಸ್ಯರು ಎಂದಿದೆ. ಅಂದರೆ 75 ಮಂದಿ ಹೊಲ ಬಿಟ್ಟು, ಬಸ್ ಖರ್ಚು ಹಾಕಿ ಆ ಊರಿಗೆ ಬರಬೇಕು. ಕಚೇರಿ ದೂರದ ಪೇಟೆಯಲ್ಲಿದ್ದರೆ ಸಭೆಗೆ ಬರುವವರು ಡೈರೆಕ್ಟರರು ಮತ್ತು ಅವರ ಡ್ರೈವರು ಮಾತ್ರ. ಆಮೇಲೆ ಕಂಪನಿ ಯಾರದಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಬೀಗರ ಭಾಲ್ಕಿಯ ಮಾತಿಗೆ ಉತ್ತರ ಕೊಡುವುದು ಕಷ್ಟವಾಯಿತು. ಸಹಕಾರಿ ಸಂಘವಾದರೆ ಒಂದು ರಾಜ್ಯದ ಕಾಯ್ದೆಗೆ ಒಳಪಟ್ಟದ್ದು, ಎರಡೂ ರಾಜ್ಯ ಬೇಕೆಂದರೆ ಅದಕ್ಕೆ ಬೇರೆ ಕಾಯ್ದೆ. ಕಂಪನಿಗೆ ಆ ತೊಡಕಿಲ್ಲ, ಗಡಿಯ ಎರಡೂ ಕಡೆಯ ರೈತರು ಶೇರು ತಗೊಳ್ಳಬಹುದು. ಆದರೆ ನೋಂದಾಯಿತ ಕಚೇರಿ ಒಂದೇ, ರಾಜ್ಯವೂ ಒಂದೇ. ಮೆಮೊರಾಂಡಂನಲ್ಲಿ ಗಲ್ಲಿ, ಮನೆ ನಂಬರು ಬರೆಯುವುದಿಲ್ಲ, ರಾಜ್ಯದ ಹೆಸರು ಬರೆಯುತ್ತಾರೆ. ಕಂಪನಿಗೆ ಕೊಡುವ 21 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯೊಳಗೂ ಎಂ.ಎಚ್. ಅಥವಾ ಕೆ.ಎ. ಎಂದು ರಾಜ್ಯ ಕೂತಿರುತ್ತದೆ.

ಒಂದೇ ಊರಿನೊಳಗೆ ಕಚೇರಿ ಬದಲಿಸುವುದು ಸುಲಭ. ಡೈರೆಕ್ಟರರ ಠರಾವು ಮಾಡಿ, 30 ದಿನದೊಳಗೆ ಐಎನ್‌ಸಿ-22 ನಮೂನೆ ತುಂಬಿದರೆ ಮುಗಿಯಿತು. ಉಮರ್ಗಾದಿಂದ ಉದಗೀರಕ್ಕೆ ಅಂದರೆ ಸದಸ್ಯರ ವಿಶೇಷ ಠರಾವು ಬೇಕು. ನಿಲಂಗಾದಿಂದ ಭಾಲ್ಕಿಗೆ ಅಂದರೆ ಮಾತ್ರ ಬೇರೆಯೇ ಕಥೆ. ಕೇಂದ್ರದ ಪ್ರಾದೇಶಿಕ ನಿರ್ದೇಶಕರ ಮಂಜೂರಿ, ಸಾಲ ಕೊಟ್ಟವರಿಗೆ ನೋಟಿಸು, ಜಿಲ್ಲೆಯ ಮುಖ್ಯ ಭಾಷೆಯ ಪತ್ರಿಕೆಯಲ್ಲೊಂದು, ಇಂಗ್ಲಿಷ್ ಪತ್ರಿಕೆಯಲ್ಲೊಂದು ಜಾಹೀರಾತು. ಬಸ್ಸಿನಲ್ಲಿ ಸ್ವಲ್ಪ ದೂರದ ದಾರಿ, ಕಾಗದದಲ್ಲಿ ತಿಂಗಳುಗಟ್ಟಲೆ ದಾರಿ.

ಹತ್ತರಲ್ಲಿ ಒಂಬತ್ತು ಮಂದಿಯ ಹೊಲ ಈ ಕಡೆ ಇದೆ. ಕೈಯಲ್ಲಿರುವುದು ಸಾತ್-ಬಾರಾ, ಪಹಣಿ ಅಲ್ಲ. ಮಹಾರಾಷ್ಟ್ರದ 'ಸ್ಮಾರ್ಟ್' ಯೋಜನೆಯಂಥ ನೆರವು ಕೇಳಬೇಕಾದರೂ ಈ ರಾಜ್ಯದ ವಿಳಾಸವೇ ಬೇಕು. ಮುಂದೆ ಭಾಲ್ಕಿಯಲ್ಲಿ ಗೋದಾಮು ಇಟ್ಟು ತೆರಿಗೆ ಬೀಳುವ ಮಾಲು ಮಾರುವುದಾದರೆ ಜಿಎಸ್‌ಟಿ ನೋಂದಣಿ ಅಲ್ಲಿ ಬೇರೆ ಮಾಡಿಸಬೇಕು. 27 ಮಹಾರಾಷ್ಟ್ರದ ನಂಬರು, 29 ಕರ್ನಾಟಕದ್ದು. ಒಂದರಲ್ಲಿ ಇನ್ನೊಂದು ನಡೆಯುವುದಿಲ್ಲ. ಇದನ್ನೆಲ್ಲ ಹೇಳಿದೆ. ಬೀಗರು ತಲೆ ಅಲ್ಲಾಡಿಸಿದರು, ಮುಖ ಮಾತ್ರ ಅರಳಲಿಲ್ಲ.

ಕೊನೆಗೆ ಔರಾದ ಶಹಾಜಾನಿಯೇ ಗಟ್ಟಿಯಾಯಿತು. ಸದಸ್ಯರೊಬ್ಬರ ಮನೆಯ ರಸ್ತೆ ಕಡೆಯ ಕೋಣೆ. ಹಗಲಿಡೀ ಯಾರಾದರೂ ಇರುತ್ತಾರೆ. ಬೇಕಾದ ಕಾಗದ ಹೆಚ್ಚಿಲ್ಲ: ಜಾಗದ ಮಾಲೀಕತ್ವದ ದಾಖಲೆ ಅಥವಾ ಭಾಡಿಗೆ ಕರಾರು, ಮಾಲೀಕರ ಒಪ್ಪಿಗೆ ಪತ್ರ, ಎರಡು ತಿಂಗಳಿಗಿಂತ ಹಳೆಯದಲ್ಲದ ಲೈಟ್ ಬಿಲ್ಲು. ಸಿಕ್ಕಿಬಿದ್ದದ್ದು ಲೈಟ್ ಬಿಲ್ಲಿನಲ್ಲಿ. ಬಿಲ್ಲು ತೀರಿಹೋದ ತಂದೆಯವರ ಹೆಸರಿನಲ್ಲಿದೆ, ಗ್ರಾಮಪಂಚಾಯತಿಯ ನಮುನಾ 8 ಮಗನ ಹೆಸರಿನಲ್ಲಿ. ಮೊದಲು ಅದನ್ನು ಸರಿಮಾಡಿಸಿ ಎಂದೆ. ಜಾಗ ಕೂಡಲೇ ಸಿದ್ಧವಿಲ್ಲದಿದ್ದರೆ ಪತ್ರವ್ಯವಹಾರದ ವಿಳಾಸ ಕೊಟ್ಟು ಕಂಪನಿ ನೋಂದಣಿ ಮಾಡಿಸಿ, 30 ದಿನದೊಳಗೆ ಕಾಯಂ ವಿಳಾಸ ಕೊಡಲು ಅವಕಾಶವಿದೆ. ಉಮರ್ಗಾ ಕಡೆಯವರು ಇನ್ನೊಂದನ್ನೂ ನೋಡಿಕೊಳ್ಳಬೇಕು. 2023ರಲ್ಲಿ ಅವರ ಜಿಲ್ಲೆ ಉಸ್ಮಾನಾಬಾದ ಹೋಗಿ ಧಾರಾಶಿವ ಆಯಿತು. ಒಂದು ಕಾಗದದಲ್ಲಿ ಹಳೆಯದು, ಇನ್ನೊಂದರಲ್ಲಿ ಹೊಸದು ಇದ್ದರೆ ಮೊದಲೇ ವಿಚಾರಿಸುವುದು ವಾಸಿ. ಗುಲ್ಬರ್ಗಾ 2014ರಲ್ಲಿ ಕಲಬುರಗಿ ಆದಾಗ ಆಳಂದದ ವ್ಯಾಪಾರಿಗಳಿಗೂ ಇದೇ ಪಾಡು.

ಪಿನ್‌ಕೋಡ್ ಮರೆಯಬೇಡಿ ಎಂದು ಬೇರೆ ಹೇಳಿದೆ. ಬೀದರ ಜಿಲ್ಲೆಯಲ್ಲೂ ಒಂದು ಔರಾದ ಇದೆಯಲ್ಲ! ಹಿಂದೊಮ್ಮೆ ಪಿನ್ ಬರೆಯದೆ ನಾನೇ ತರಿಸಿದ ಬೀಜದ ಪಾರ್ಸಲ್ ಅಲ್ಲಿಗೆ ಹೋಗಿ, ಬಿತ್ತನೆ ಮುಗಿದ ಮೇಲೆ ಇಲ್ಲಿಗೆ ಬಂತು. ನಮ್ಮದು 413ರಿಂದ ಶುರು, ಅವರದು 585ರಿಂದ.

ಬೋರ್ಡಿನ ಮಾತು ಉಳಿದಿತ್ತು. ಕಂಪನಿ ಕಾಯ್ದೆಯ 12ನೇ ಕಲಮು ಓದಿ ತೋರಿಸಿದೆ. ಕಂಪನಿಯ ಹೆಸರು, ವಿಳಾಸ ಹೊರಗಡೆ ಎದ್ದು ಕಾಣುವಂತೆ ಇರಬೇಕು. ಬರೆದ ಲಿಪಿ ಆ ಊರಲ್ಲಿ ರೂಢಿಯಲ್ಲಿರುವ ಭಾಷೆಯದಲ್ಲದಿದ್ದರೆ, ಅಲ್ಲಿ ರೂಢಿಯಲ್ಲಿರುವ ಭಾಷೆಗಳಲ್ಲಿ ಒಂದರ ಲಿಪಿಯಲ್ಲೂ ಬರೆಯಬೇಕು. ಭಾಷೆ ಒಂದೇ ಇರುತ್ತದೆ ಎಂದು ಕಾಯ್ದೆ ಬರೆದವರೂ ತಿಳಿದಿರಲಿಲ್ಲ ನೋಡಿ. ಮಹಾರಾಷ್ಟ್ರದಲ್ಲಿ 2022ರ ತಿದ್ದುಪಡಿಯ ಮೇಲೆ ಅಂಗಡಿ, ಕಚೇರಿಗಳ ಬೋರ್ಡಿನಲ್ಲಿ ಮರಾಠಿ ಮೊದಲು ಇರಬೇಕು, ಅದರ ಅಕ್ಷರ ಬೇರೆ ಭಾಷೆಗಿಂತ ಸಣ್ಣದಿರಬಾರದು. ಅದು ಸರಿ, ಹಾಗೇ ಬರೆಸುತ್ತೇವೆ. ಆದರೆ ಬೇರೆ ಭಾಷೆ ಬರೆಯಬೇಡಿ ಎಂದು ಅಲ್ಲಿ ಹೇಳಿಲ್ಲ.

'ಅಂದ್ರ ಕೆಳಗ ಕನ್ನಡ ಬರಸ್ಬೌದು?' ಬೀಗರು ಕೇಳಿದರು.

'ಬರಸ್ಬೌದ್ರಿ ಮಾವಾರ. ಮರಾಠಿ ಮ್ಯಾಲ, ಆಮ್ಯಾಲ ಇಂಗ್ಲಿಷು, ಆಮ್ಯಾಲ ನಮ್ದು.'

ಶೇರಿನ ಹಣ ಅವರೇ ಮೊದಲು ಎಣಿಸಿಟ್ಟರು. ಬಸವಕಲ್ಯಾಣದಿಂದ ಪೇಂಟರನನ್ನೂ ಅವರೇ ಗೊತ್ತುಮಾಡಿದರು. ಕಂಪನಿಯ ಸರ್ಟಿಫಿಕೇಟ್ ಇನ್ನೂ ಬಂದಿಲ್ಲ, ಆದರೂ ಆತ ಬಂದು ತಗಡಿನ ಅಳತೆ ತಗೊಂಡು ಹೋಗಿದ್ದಾನೆ. ಹೋಗುವಾಗ ಕೇಳಿದ: 'ಸಾವ್ಕಾರ್ರ, ತಾಲೂಕಿನ ಹೆಸ್ರು ನಿಲಂಗಾ ಅಂತ ಬರೀಲೋ, ನೀಲಂಗ ಅಂತ ಬರೀಲೋ?' ಆ ವಿಷಯಕ್ಕೆ ಬರುವ ಸೋಮವಾರ ಮತ್ತೆ ಹತ್ತೂ ಜನ ಕೂಡುತ್ತಿದ್ದೇವೆ.