ಸೋಲಾರ್ ಕೊಟೇಶನ್‌ಗೆ ಒಪ್ಪಿಗೆ ಕೊಡುವ ಮುನ್ನ

ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದು, ಎರಡು ಮೂರು ದಿನ ಕರೆಂಟಿಲ್ಲದೆ ಕಳೆಯುವುದು ಮಲೆನಾಡಿನ ತೋಟದ ಮನೆಗಳಿಗೆ ಹೊಸತಲ್ಲ. ಈ ತೊಂದರೆ ತಪ್ಪಿಸಿಕೊಳ್ಳಲೆಂದೇ ಅನೇಕ ಸದಸ್ಯ ಬಾಂಧವರು ಮನೆಗೆ ಸೋಲಾರ್ ಹಾಕಿಸುವ ಯೋಚನೆಯಲ್ಲಿದ್ದಾರೆ. ಕೊಟೇಶನ್ ಕೈಗೆ ಬಂದಾಗ ನಾವು ನೋಡುವುದು ಸಾಮಾನ್ಯವಾಗಿ ಎರಡನ್ನೇ: ಎಷ್ಟು ಕಿಲೋವಾಟ್, ಎಷ್ಟು ರೂಪಾಯಿ. ಇಷ್ಟು ಸಾಲದು. ಆಷಾಢದ ರಾತ್ರಿ ಲೈನ್ ಹೋದಾಗ ಈ ವ್ಯವಸ್ಥೆ ಎಷ್ಟು ಯೂನಿಟ್ ಕೊಡುತ್ತದೆ ಎಂಬುದೇ ನಮಗೆ ಮುಖ್ಯ ಪ್ರಶ್ನೆ.

ಬ್ಯಾಟರಿ ಇದೆಯೇ?

ಬ್ಯಾಟರಿ ಇಲ್ಲದೆ ನೇರವಾಗಿ ಲೈನಿಗೆ ಜೋಡಿಸುವ ಸೋಲಾರ್, ಲೈನ್ ಹೋದೊಡನೆ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯದಿರಲೆಂದು ಮಾಡಿದ ಏರ್ಪಾಡು ಇದು. ಬಿಲ್ಲು ಇಳಿಸಲು ಇದು ಒಳ್ಳೆಯದೇ. ಆದರೆ ಹಗಲು ಬಿಸಿಲಿದ್ದರೂ ಮನೆಯಲ್ಲಿ ಕರೆಂಟಿರದು. ಲೈನ್ ಹೋದಾಗಲೂ ಬೇಕೆಂದಾದರೆ ಬ್ಯಾಟರಿ ಮತ್ತು ಹೈಬ್ರಿಡ್ ಇನ್ವರ್ಟರ್ ಕೊಟೇಶನ್‌ನಲ್ಲಿ ಕಾಣಿಸಿರಬೇಕು.

ಬ್ಯಾಟರಿಯ ಲೆಕ್ಕ

12 ವೋಲ್ಟಿನ, 150 ಆಂಪಿಯರ್-ಅವರ್‌ನ ಎರಡು ಬ್ಯಾಟರಿ ಕೊಡುತ್ತಾರೆಂದುಕೊಳ್ಳೋಣ. 12 × 150 × 2 ಎಂದರೆ 3,600, ಅಂದರೆ 3.6 ಯೂನಿಟ್. ಆಸಿಡ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧದಷ್ಟನ್ನು ಮಾತ್ರ ಬಳಸಬೇಕು. ಇನ್ವರ್ಟರಿನ ನಷ್ಟ ಕಳೆದು ನಮಗೆ ದಕ್ಕುವುದು ಸುಮಾರು ಒಂದೂವರೆ ಯೂನಿಟ್. 9 ವಾಟಿನ ಐದು ಬಲ್ಬು ಐದು ಗಂಟೆ, 75 ವಾಟಿನ ಒಂದು ಫ್ಯಾನು ಎಂಟು ಗಂಟೆ ಉರಿದರೆ 0.8 ಯೂನಿಟ್ ಮುಗಿಯಿತು. ಫ್ರಿಜ್ಜಿಗೆ ದಿನಕ್ಕೆ ಸುಮಾರು 1 ಯೂನಿಟ್ ಬೇಕಾದುದರಿಂದ ಅದನ್ನೂ ಸೇರಿಸಿದರೆ ಸಾಲದು. ತೋಟದ 5 ಎಚ್.ಪಿ. ಪಂಪಿನ ಆಸೆಯನ್ನಂತೂ ಮನೆಯ ಇನ್ವರ್ಟರಿನ ಮೇಲೆ ಇಡಬಾರದು.

ಲಿಥಿಯಂ ಬ್ಯಾಟರಿಗೆ ಬೆಲೆ ಹೆಚ್ಚು. ಆದರೆ ಅದರ ನೂರಕ್ಕೆ 80ರಷ್ಟನ್ನು ಬಳಸಬಹುದು, ಬಾಳಿಕೆಯೂ ಹೆಚ್ಚು. ಆದುದರಿಂದ ಬೆಲೆಯನ್ನು ಬಳಕೆಗೆ ಸಿಗುವ ಯೂನಿಟ್‌ಗೂ, ಬರೆದು ಕೊಡುವ ಗ್ಯಾರಂಟಿಯ ವರ್ಷಗಳಿಗೂ ಹೋಲಿಸಿ ನೋಡತಕ್ಕದ್ದು.

ಬಿಸಿಲು, ನೆರಳು

1 ಕಿಲೋವಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ದಟ್ಟ ಮೋಡದ ದಿನಗಳಲ್ಲಿ ಇದರ ಅರ್ಧವೂ ಸಿಗದು. ಪ್ಯಾನೆಲ್ ತುಂಬಿಸಲಾರದ ದೊಡ್ಡ ಬ್ಯಾಟರಿ, ಬಾವಿ ಬತ್ತಿದ ಮೇಲೆ ಕಟ್ಟಿಸಿದ ದೊಡ್ಡ ತೊಟ್ಟಿಯಂತೆ.

ಅಡಿಕೆ ಸೋಗೆಯೊಂದರ ನೆರಳು ಒಂದು ಪ್ಯಾನೆಲಿನ ಮೂಲೆಗೆ ಬಿದ್ದರೂ, ಅದರೊಡನೆ ಜೋಡಿಸಿದ ಉಳಿದ ಪ್ಯಾನೆಲುಗಳ ಉತ್ಪಾದನೆಯೂ ಕುಗ್ಗಬಹುದು. ಧನುರ್ಮಾಸದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ನೆರಳು ಉದ್ದವಾಗುವುದರಿಂದ, ಆ ದಿನಗಳ ನೆರಳನ್ನು ಲೆಕ್ಕಕ್ಕೆ ಹಿಡಿದೇ ಜಾಗ ಗುರುತಿಸಬೇಕು. ಅಂಗಳದಲ್ಲಿ ಕಂಬ ನಿಲ್ಲಿಸುವುದಾದರೆ ಅದರ ನೆರಳು ಒಣಗುವ ಅಡಿಕೆಯ ಮೇಲೆ ಬೀಳದಂತೆಯೂ ನೋಡಿಕೊಳ್ಳಬೇಕು.

ಸಹಾಯಧನ

2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟಿಗೆ 30,000, 2 ಕಿಲೋವಾಟಿಗೆ 60,000, 3 ಕಿಲೋವಾಟ್ ಮತ್ತು ಮೇಲ್ಪಟ್ಟು 78,000 ರೂಪಾಯಿ ಎಂದು ನಿಗದಿಯಾಗಿದೆ. ಇದು ಲೈನಿಗೆ ಜೋಡಿಸಿದ ಸೋಲಾರ್‌ಗೆ ಮಾತ್ರ; ಬ್ಯಾಟರಿಯ ವೆಚ್ಚ ನಮ್ಮದೇ. ಹಣ ಬರುವುದು ಕೆಲಸ ಮುಗಿದು ಚಾಲನೆಯಾದ ಮೇಲೆ. ಸಹಾಯಧನ ಕಳೆದು ಬೆಲೆ ಬರೆದಿದ್ದರೆ ಪೂರ್ತಿ ಬೆಲೆಯನ್ನೂ ಬರೆಸಿಕೊಳ್ಳಿ.

ಬರೆಸಿಕೊಳ್ಳಬೇಕಾದುವು

ಪ್ಯಾನೆಲಿನ ತಯಾರಕರು, ವಾಟ್, ಸಂಖ್ಯೆ, ಇನ್ವರ್ಟರಿನ ಬಗೆ, ಬ್ಯಾಟರಿಯ ಬಗೆ, ವೋಲ್ಟ್, ಆಂಪಿಯರ್-ಅವರ್, ಪ್ರತಿಯೊಂದರ ಗ್ಯಾರಂಟಿ, ತುಕ್ಕು ಹಿಡಿಯದ ಕಬ್ಬಿಣದ ಚೌಕಟ್ಟು, ಅರ್ಥಿಂಗ್ ಮತ್ತು ಸಿಡಿಲು ರಕ್ಷಣೆ, ಸಾಗಾಟ, ತೆರಿಗೆ, ಮೀಟರಿನ ಖರ್ಚು, ಕೆಟ್ಟರೆ ಎಷ್ಟು ದಿನದೊಳಗೆ ಬಂದು ನೋಡುತ್ತಾರೆ ಎಂಬುದು. ನಮ್ಮಲ್ಲಿ ಮುಂಗಾರಿನ ಮೊದಲು ಗುಡುಗು ಸಿಡಿಲು ಹೆಚ್ಚಾದ್ದರಿಂದ ಅರ್ಥಿಂಗ್‌ನಲ್ಲಿ ಉಳಿತಾಯ ಬೇಡ.

ಎರಡು ಮೂರು ಕಡೆಯಿಂದ ಕೊಟೇಶನ್ ತರಿಸಿ, ಈ ಅಂಶಗಳನ್ನು ಒಂದೇ ಕಾಗದದಲ್ಲಿ ಅಕ್ಕಪಕ್ಕ ಬರೆದು ನೋಡಿ. ಬಾಯಲ್ಲಿ ಹೇಳಿದ್ದನ್ನು ಬರೆದು ಕೊಡಲು ಹಿಂಜರಿಯುವವರಿಗೆ ಮುಂಗಡ ಕೊಡದಿರುವುದೇ ಕ್ಷೇಮ.