ಕಡಲಪಾಚಿಯಿಂದ ಮಣ್ಣು ಮಾಡಿದವರು

ಹಿತ್ತಿಲಿನಲ್ಲಿ ನಾಲ್ಕು ಹೂವಿನ ಗಿಡ, ಒಂದು ಕರಿಬೇವು, ಒಂದೆರಡು ತರಕಾರಿ ಬಳ್ಳಿ ಇಟ್ಟುಕೊಳ್ಳುವುದು ನಮ್ಮ ಮನೆತನಗಳಲ್ಲಿ ಬಹುಕಾಲದ ರೂಢಿ. ಈ ಗಿಡಬಳ್ಳಿಗಳಿಗೆ ಈಚೆಗೆ ದೊರೆತಿರುವ ಹೊಸ ಉಪಚಾರವೆಂದರೆ ಕಡಲಪಾಚಿಯ ರಸ. ಗೊಬ್ಬರದಂಗಡಿಗಳಲ್ಲಿ ಅದರ ಸೀಸೆಗಳು ಸುಲಭವಾಗಿ ದೊರೆಯುತ್ತವೆ. ನಮ್ಮ ನೆರೆಮನೆಯ ಸೋದರಿಯೊಬ್ಬರು ಇಂಥದೊಂದು ಸೀಸೆಯನ್ನು ತಂದ ಮೇಲೆ ಕುಂಡಗಳಿಗೆ ಸಗಣಿಗೊಬ್ಬರ ಹಾಕುವುದನ್ನೇ ನಿಲ್ಲಿಸಿದರು. ಎರಡು ತಿಂಗಳು ದಾಸವಾಳ ನಳನಳಿಸಿತು. ಅನಂತರ ಎಲೆಗಳು ಹಳದಿಯಾಗತೊಡಗಿದವು. “ಸಮುದ್ರದ ಗೊಬ್ಬರಾನೂ ಹಿಂಗೇನ್ರೀ?” ಎಂದು ಅವರು ನಮ್ಮನ್ನು ಕೇಳಿದರು.

ಕಡಲಪಾಚಿಯ ಗೊಬ್ಬರ ಸುಳ್ಳಲ್ಲ. ಅದರ ನಿಜವಾದ ಶಕ್ತಿಯನ್ನು ಅರಿಯಬೇಕಾದರೆ ಐರ್ಲೆಂಡಿನ ಪಶ್ಚಿಮಕ್ಕೆ, ಗಾಲ್ವೇ ಕೊಲ್ಲಿಯ ಬಾಯಿಯಲ್ಲಿರುವ ಅರಾನ್ ದ್ವೀಪಗಳತ್ತ ನೋಡಬೇಕು. ಈ ಮೂರು ದ್ವೀಪಗಳೂ ಸುಣ್ಣಕಲ್ಲಿನ ಹಾಸುಬಂಡೆಗಳು. ನೇಗಿಲೂರಲು ಅಲ್ಲಿ ಬಹುಭಾಗ ಮಣ್ಣೇ ಇರಲಿಲ್ಲ. ದ್ವೀಪವಾಸಿಗಳು ಬಂಡೆಯ ಬಿರುಕುಗಳನ್ನು ಕಲ್ಲುಚೂರುಗಳಿಂದ ಮುಚ್ಚಿ, ಅದರ ಮೇಲೆ ಕಡಲತಡಿಯ ಮರಳನ್ನೂ ಪಾಚಿಯನ್ನೂ ಪದರಪದರವಾಗಿ ಹರಡಿದರು. ಬಿರುಕುಗಳಲ್ಲಿ ಸಿಕ್ಕ ಹಿಡಿಮಣ್ಣನ್ನೂ ಕೆರೆದು ತಂದು ಅದಕ್ಕೆ ಸೇರಿಸಿದರು. ಒದ್ದೆಪಾಚಿಯ ಬುಟ್ಟಿಗಳನ್ನು ಬೆನ್ನ ಮೇಲೆ, ಕತ್ತೆಗಳ ಮೇಲೆ ಹೇರಿ ದಡದಿಂದ ಮೇಲಕ್ಕೆ ಸಾಗಿಸಬೇಕಿತ್ತು. ಗಾಳಿಯು ಮಣ್ಣನ್ನು ಹಾರಿಸಿಕೊಂಡು ಹೋಗದಂತೆ ಸುತ್ತಲೂ ಕಲ್ಲಿನ ಗೋಡೆಗಳನ್ನೂ ಕಟ್ಟಿದರು. ತಲೆಮಾರುಗಳ ಈ ಕಾಯಕದಿಂದ ಬಂಡೆಯ ಮೇಲೆ ಮಣ್ಣು ಹುಟ್ಟಿತು. ಅದರಲ್ಲಿ ಆಲೂಗಡ್ಡೆ ಬೆಳೆಯಿತು. ರಾಬರ್ಟ್ ಫ್ಲಾಹರ್ಟಿಯವರ 1934ರ ‘ಮ್ಯಾನ್ ಆಫ್ ಅರಾನ್’ ಚಲನಚಿತ್ರದಲ್ಲಿ ಈ ದುಡಿಮೆಯ ದೃಶ್ಯವಿದೆ. ಒಂದು ಹೊರೆ ಪಾಚಿಗಾಗಿ ಪಟ್ಟ ಶ್ರಮವನ್ನು ಕಂಡವರು ಮನೆಯ ತಿಪ್ಪೆಯನ್ನು ಹಗುರವಾಗಿ ಕಾಣಲಾರರು.

ಕಡಲಪಾಚಿಯು ಸಾರಜನಕದಲ್ಲಿ ಹೆಚ್ಚುಕಡಿಮೆ ಕೊಟ್ಟಿಗೆ ಗೊಬ್ಬರಕ್ಕೆ ಸಮ, ಪೊಟ್ಯಾಷಿನಲ್ಲಿ ಅದಕ್ಕಿಂತ ಮಿಗಿಲು, ರಂಜಕದಲ್ಲಿ ಮಾತ್ರ ಬಡವು. ಕೆಲ್ಪ್ ಮೊದಲಾದ ಕಂದುಪಾಚಿಗಳಲ್ಲಿರುವ ಆಲ್ಜಿನೇಟ್ ಎಂಬ ಲೋಳೆಯಂಥ ವಸ್ತುವು ಮಣ್ಣಿನ ಕಣಗಳನ್ನು ಒಗ್ಗೂಡಿಸಿ ತೇವವನ್ನು ಹಿಡಿದಿಡುತ್ತದೆ. ನೆಲದ ಕಳೆಬೀಜಗಳಾಗಲಿ, ಬೆಳೆಗಳ ರೋಗಗಳಾಗಲಿ ಇದರೊಡನೆ ಬರುವುದಿಲ್ಲವೆಂಬುದು ಇನ್ನೊಂದು ಲಾಭ. ಜರ್ಸಿ ದ್ವೀಪದ ರೈತರೂ ‘ವ್ರೇಕ್’ ಎಂಬ ಹೆಸರಿನ ಈ ಪಾಚಿಯನ್ನು ಶತಮಾನಗಳಿಂದ ಹೊಲಗಳಿಗೆ ಹರಡುತ್ತ ಬಂದವರು.

ಇವೆಲ್ಲವೂ ಗಾಡಿಗಟ್ಟಲೆ ಪಾಚಿಯ ಮಾತು. ಸೀಸೆಯ ರಸದ ಸಂಗತಿಯೇ ಬೇರೆ. ಕೆಲ್ಪ್ ತಣ್ಣನೆಯ ಕಡಲಿನದಾದ್ದರಿಂದ ನಮ್ಮ ದೇಶದಲ್ಲಿ ರಸಕ್ಕಾಗಿ ಮುಖ್ಯವಾಗಿ ಬೆಳೆಸುತ್ತಿರುವುದು ಕ್ಯಾಪ್ಪಾಫೈಕಸ್ ಎಂಬ ಪಾಚಿಯನ್ನು. ತಮಿಳುನಾಡಿನ ರಾಮನಾಥಪುರಂ ಕರಾವಳಿಯಲ್ಲಿ ಇದನ್ನು ಬಿದಿರಿನ ತೆಪ್ಪಗಳಿಗೆ ಕಟ್ಟಿ ಬೆಳೆಸುತ್ತಾರೆ. ಬಹಳಷ್ಟು ಸ್ತ್ರೀಯರಿಗೆ ಇದರಿಂದ ಜೀವನೋಪಾಯ ದೊರೆತಿದೆ. ಹಸಿಪಾಚಿಯನ್ನು ಅರೆದು ಹಿಂಡಿದ ರಸವನ್ನು ಬೆಳೆಗಳಿಗೆ ಬಳಸಿ, ಉಳಿದ ಚರಟದಿಂದ ಕ್ಯಾರಗೀನನ್ ಎಂಬ ಅಂಟನ್ನು ತೆಗೆಯುವ ವಿಧಾನವನ್ನು ರೂಪಿಸಿದ್ದು ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ. ಹೊರಗಿನಿಂದ ಬಂದ ಈ ಪಾಚಿಯು ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳಗಳ ಮೇಲೆ ಹಬ್ಬುತ್ತಿರುವುದನ್ನು ವಿಜ್ಞಾನಿಗಳು 2008ರಲ್ಲಿ ವರದಿ ಮಾಡಿದರೆಂಬುದನ್ನೂ ಮರೆಯಬಾರದು.

ಆ ರಸದಲ್ಲಿ ಪೊಟ್ಯಾಷ್ ಇದೆ, ಬೆಳವಣಿಗೆಯನ್ನು ಪ್ರಚೋದಿಸುವ ಅಂಶಗಳಿವೆ. ಆದರೆ ನೀರಿಗೆ ಕೆಲವೇ ಮಿಲಿಲೀಟರಿನಂತೆ ಬೆರೆಸಿ ಸಿಂಪಡಿಸುವ ದ್ರವವು ಗಿಡದ ಹೊಟ್ಟೆ ತುಂಬಿಸಲಾರದು. ಭಾರತ ಸರಕಾರವು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶವನ್ನು ತಿದ್ದುವಾಗ ಕಡಲಪಾಚಿಯ ಸಾರವನ್ನು ‘ಜೈವಿಕ ಉತ್ತೇಜಕ’ಗಳ ಸಾಲಿನಲ್ಲಿ ಇರಿಸಿದೆ. ಗಿಡವು ಆಹಾರವನ್ನು ಹೀರಿಕೊಳ್ಳಲು ಉತ್ತೇಜಕವು ನೆರವಾಗುತ್ತದೆ. ಹೀರಿಕೊಳ್ಳಲು ಕುಂಡದಲ್ಲಿ ಆಹಾರವೇ ಇಲ್ಲದಿದ್ದರೆ ಅದೇನು ಮಾಡೀತು?

ಕರಾವಳಿಯ ಬಂಧುಗಳಿಗೆ ಒಂದು ಮಾತು. ಅಲೆಗಳು ತಂದು ಎಸೆದ ಪಾಚಿಯನ್ನಷ್ಟೇ ಆಯ್ದುಕೊಳ್ಳಿ. ಬಂಡೆಗಂಟಿದ ಜೀವಂತ ಪಾಚಿಯನ್ನು ಕೀಳಬೇಡಿ. ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಒಣಗಿದ ಎಲೆಗಳೊಡನೆ ಗೊಬ್ಬರದ ಗುಂಡಿಗೆ ಸೇರಿಸಿರಿ. ಉಪ್ಪು ಉಳಿದ ಹಸಿಪಾಚಿಯನ್ನು ಕುಂಡಕ್ಕೇ ತುಂಬಿದರೆ ಬೇರಿಗೆ ಅಪಾಯ.

ನೆರೆಮನೆಯ ಸೋದರಿ ಈಗ ಪುನಃ ತಿಂಗಳಿಗೊಮ್ಮೆ ಬೊಗಸೆ ಸಗಣಿಗೊಬ್ಬರ ಹಾಕುತ್ತಿದ್ದಾರೆ. ಸೀಸೆಯನ್ನೂ ಎಸೆದಿಲ್ಲ, ಹದಿನೈದು ದಿನಗಳಿಗೊಮ್ಮೆ ಸಂಜೆಯ ಹೊತ್ತು ಸಿಂಪಡಿಸುತ್ತಾರೆ. ದಾಸವಾಳ ಚಿಗುರಿದೆ.